ಕಾಲುವೆ ದಂಡೆಯ ನಡಿಗೆ, ಖಾಲಿ ಎಣ್ಣೆ ಪ್ಯಾಕೆಟ್ಟಿನ ಲೆಕ್ಕ: ನಮ್ಮೂರ ತೂಕದ ಕೂಟದಲ್ಲಿ ಒಂದು ವರ್ಷ

ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕಿನ ನಮ್ಮೂರಿನಲ್ಲಿ ಸ್ತ್ರೀಶಕ್ತಿ ಸಂಘಗಳ ಮಹಿಳೆಯರು ತಾವೇ ಸೇರಿಕೊಂಡು ಬೊಜ್ಜು ಇಳಿಸಲೆಂದು ಒಂದು ಕೂಟ ನಡೆಸುತ್ತಿದ್ದಾರೆ. ಅದಕ್ಕೊಂದು ದೊಡ್ಡ ಹೆಸರಿಲ್ಲ, ಊರವರ ಬಾಯಲ್ಲಿ ಅದು ‘ತೂಕದ ಕೂಟ’. ತಿಂಗಳಿಗೆ 30 ರೂಪಾಯಿ ಶುಲ್ಕ. ವಾರಕ್ಕೆ ಆರು ದಿನ ಬೆಳಗಿನ ಐದೂವರೆಗೆ ಕಾಲುವೆ ದಂಡೆಯ ಮೇಲೆ ನಡಿಗೆ, ಸೋಮವಾರ ಸಂಜೆ ಸಮುದಾಯ ಭವನದಲ್ಲಿ ತೂಕ ಮತ್ತು ಸೊಂಟದ ಅಳತೆ, ಹೊಲದ ಕೆಲಸಕ್ಕೆ ಬಿಡುವಿರುವ ಅಮಾವಾಸ್ಯೆಯ ದಿನ ಅಡುಗೆಯ ಪಾಠ. ಕಳೆದ ವರ್ಷ ಯುಗಾದಿಯ ಮರುವಾರ ಸೇರಿಕೊಂಡ ನಾನು ಈಗ ಒಂದು ವರ್ಷ ಪೂರೈಸಿದ್ದೇನೆ. ಸುತ್ತಲಿನ ಊರುಗಳವರು ಇಂಥದ್ದೊಂದನ್ನು ತಮ್ಮಲ್ಲೂ ಆರಂಭಿಸಬಹುದೇ ಎಂದು ವಿಚಾರಿಸುತ್ತಿರುವುದರಿಂದ, ಇಲ್ಲಿ ಕಂಡ ಒಳಿತನ್ನೂ ಕೊರತೆಯನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಹಳ್ಳಿಯಲ್ಲಿ ಬೊಜ್ಜೆಲ್ಲಿ ಬಂತು, ಅದು ಪೇಟೆಯವರ ಕಾಯಿಲೆಯಲ್ಲವೇ ಎಂದು ಮೊದಲು ಕೇಳಿದವರು ನಮ್ಮ ಮನೆಯವರೇ. ಉತ್ತರ ನಮ್ಮ ಗದ್ದೆಗಳಲ್ಲೇ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು, ಎಡದಂಡೆ ಕಾಲುವೆಯಲ್ಲಿ ನೀರು ಹರಿದು ಬಂದ ಮೇಲೆ, ಜೋಳ, ಸಜ್ಜೆ, ನವಣೆ ಬೆಳೆಯುತ್ತಿದ್ದ ಈ ಎರೆ ನೆಲ ಕ್ರಮೇಣ ನೆಲ್ಲಿನ ಗದ್ದೆಯಾಯಿತು. ಗಂಗಾವತಿ, ಕಾರಟಗಿ, ಸಿಂಧನೂರುಗಳ ಸುತ್ತ ರೈಸ್ ಮಿಲ್ಲುಗಳು ಎದ್ದವು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಬಿಳಿ ಅನ್ನ ಎರಡು ಹೊತ್ತಿನ ಊಟವಾಯಿತು. ನಮ್ಮ ಅತ್ತೆಯವರು ಮದುವೆಯಾಗಿ ಬಂದಾಗ ನಸುಕಿನಲ್ಲಿ ಎದ್ದು ಬೀಸುಕಲ್ಲಿನಲ್ಲಿ ಜೋಳ ಬೀಸಿ, ಹತ್ತು ಕೊಡ ನೀರು ಹೊತ್ತು, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದು ಹೋಗುತ್ತಿದ್ದರು. ಇಂದು ಹಿಟ್ಟು ಗಿರಣಿಯಿಂದ ಬರುತ್ತದೆ, ನೀರು ನಲ್ಲಿಯಲ್ಲಿ ಬರುತ್ತದೆ, ಕೊಯ್ಲನ್ನು ಯಂತ್ರ ಮಾಡುತ್ತದೆ, ಹೊಲಕ್ಕೆ ಹೋಗಲು ಬೈಕು ಇದೆ. ಆ ದುಡಿಮೆ ತಪ್ಪಿದ್ದು ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕ ದೊಡ್ಡ ಬಿಡುಗಡೆ ಎಂದೇ ನಾನು ನಂಬಿದ್ದೇನೆ, ಯಾರೂ ಆ ಬೀಸುಕಲ್ಲಿಗೆ ಮರಳಬೇಕಿಲ್ಲ. ಆದರೆ ಅಷ್ಟು ದುಡಿಯುವ ಮೈಗೆ ಬೇಕಾಗಿದ್ದ ತುತ್ತು ತಟ್ಟೆಯಲ್ಲಿ ಹಾಗೆಯೇ ಉಳಿದುಕೊಂಡಿತು, ಅದರ ಮೇಲೆ ಎಣ್ಣೆಯೂ ಸಕ್ಕರೆಯೂ ಸೇರಿಕೊಂಡವು.

ಇದು ನಮ್ಮೂರೊಂದರ ಕಥೆಯಲ್ಲ. ಜಗತ್ತಿನ ಅನೇಕ ದೇಶಗಳ ಅಳತೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, 1985ರಿಂದ 2017ರವರೆಗೆ ಜಗತ್ತಿನ ಜನರ ಸರಾಸರಿ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಹೊಂದುತ್ತದೆ ಎಂದು ತೋರಿಸುವ ಸಂಖ್ಯೆ) ಏರಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಗ್ರಾಮೀಣ ಪ್ರದೇಶಗಳದ್ದು. ನಮ್ಮ ರಾಜ್ಯದಲ್ಲಿ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅತಿತೂಕ ಅಥವಾ ಬೊಜ್ಜು ಇದ್ದ ಮಹಿಳೆಯರು ಶೇ. 23.3ರಷ್ಟಿದ್ದರೆ, 2019-21ರ ಸಮೀಕ್ಷೆಯ ಹೊತ್ತಿಗೆ ಶೇ. 30ನ್ನು ದಾಟಿದ್ದರು. ಆ ಸಮೀಕ್ಷೆ 25ರ ಬಿಎಂಐ ದಾಟಿದವರನ್ನು ಅತಿತೂಕದವರೆಂದು ಎಣಿಸುತ್ತದೆ. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ ಭಾರತೀಯ ವೈದ್ಯರು 23ಕ್ಕೇ ಎಚ್ಚರಿಕೆ ನೀಡಿ, 25ಕ್ಕೆ ಬೊಜ್ಜು ಎನ್ನುತ್ತಾರೆ. ಸೇರಿದ ದಿನ ನನ್ನ ತೂಕ 74 ಕಿಲೋ, ಎತ್ತರ 154 ಸೆಂಟಿಮೀಟರು, ಬಿಎಂಐ 31. ಹದಿನೆಂಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಸಮತೋಲನ ಆಹಾರದ ಪಾಠ ಹೇಳುತ್ತಾ ಬಂದವಳು ನನ್ನ ಲೆಕ್ಕವನ್ನು ಅಂದು ಮೊದಲ ಬಾರಿಗೆ ನೋಡಿದೆ.

ಕೂಟದ ಅತಿ ದೊಡ್ಡ ಸೇವೆ ಯಾವುದೆಂದು ಕೇಳಿದರೆ ನಾನು ನಡಿಗೆ ಎನ್ನುತ್ತೇನೆ. ನಡೆಯಲು ಕೂಟವೇಕೆ ಬೇಕು ಎಂದು ಪಟ್ಟಣದವರಿಗೆ ಅನ್ನಿಸಬಹುದು. ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳು ಕೆಲಸವಿಲ್ಲದೆ ದಾರಿಯಲ್ಲಿ ನಡೆದು ಹೋಗುವುದೆಂದರೆ ಪ್ರತಿ ಕಟ್ಟೆಗೂ ಉತ್ತರ ಕೊಡುತ್ತಾ ಹೋಗುವುದು ಎಂದೇ ಅರ್ಥ. ಎರಡು ವರ್ಷಗಳ ಹಿಂದೆ ವೈದ್ಯರು ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ಹೇಳಿದಾಗ ನಾನು ಒಬ್ಬಳೇ ಪ್ರಯತ್ನಿಸಿದ್ದೆ. ಮೊದಲ ದಿನ ಅಂಗಡಿಯ ಮುಂದೆ ಕುಳಿತಿದ್ದ ಹಿರಿಯರು “ಏನ್ರೀ ಟೀಚರ್, ಇಷ್ಟು ಲಗೂ ಎಲ್ಲಿಗೆ ಹೊಂಟೀರಿ?” ಎಂದು ಕೇಳಿದರು. “ಸುಮ್ನ ಅಡ್ಡಾಡಾಕ ರೀ” ಎಂದೆ. ಎರಡನೆಯ ದಿನವೂ ಅದೇ ಪ್ರಶ್ನೆ, ಮೂರನೆಯ ದಿನ ಮನೆಯವರಿಗೆ ಅವರ ಗೆಳೆಯರಿಂದ ಪ್ರಶ್ನೆ, ನಾಲ್ಕನೆಯ ದಿನ ನಾನು ಹೋಗಲಿಲ್ಲ. ಅವರಾರೂ ಕೆಟ್ಟವರಲ್ಲ, ಎಲ್ಲಿಗೆ ಹೊರಟಿರಿ ಎಂದು ಕೇಳುವುದು ನಮ್ಮಲ್ಲಿ ಅಕ್ಕರೆಯ ಮಾತೇ. ಆದರೆ ತಲುಪುವ ಊರೇ ಇಲ್ಲದ ನಡಿಗೆಗೆ ಆ ಮಾತಿನ ಮುಂದೆ ನಿಲ್ಲುವ ಬಲ ಇರಲಿಲ್ಲ. ಇಪ್ಪತ್ತೈದು ಮಂದಿ ಒಟ್ಟಿಗೆ ಹೊರಟಾಗ ಅದಕ್ಕೊಂದು ಹೆಸರು ಬಂತು. “ಕೂಟದೋರು ಹೊಂಟಾರ” ಎಂಬಷ್ಟಕ್ಕೆ ಮಾತು ಮುಗಿಯಿತು. ಸೊಸೆಯಂದಿರಿಗೆ ಅತ್ತೆಯ ಅಪ್ಪಣೆ ಸಿಕ್ಕಿದ್ದೂ ಹೀಗೆಯೇ, ಏಕೆಂದರೆ ಪಕ್ಕದ ಮನೆಯ ಅತ್ತೆಯೇ ಆ ಗುಂಪಿನಲ್ಲಿ ಇದ್ದರು.

ಆರೋಗ್ಯ ಸಂಸ್ಥೆಗಳು ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆಯನ್ನು ಹೇಳುತ್ತವೆ. ಕೂಟದ ನಡಿಗೆ ದಿನಕ್ಕೆ ನಲವತ್ತು ನಿಮಿಷ, ಆರು ದಿನಕ್ಕೆ 240 ನಿಮಿಷ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಚುರುಕಾಗಿ ನಡೆಯಿರಿ ಎಂದು ಆಶಾ ಕಾರ್ಯಕರ್ತೆ ಮೊದಲ ವಾರವೇ ಹೇಳಿಕೊಟ್ಟರು. ನಮ್ಮಲ್ಲಿ ಸೋಬಾನೆ ಹಾಡುವ ಅಜ್ಜಿಯೊಬ್ಬರಿದ್ದಾರೆ, ಅವರು ಹಾಡಲು ಶುರುಮಾಡಿದರೆ ಗುಂಪು ನಿಧಾನವಾಗಿದೆ ಎಂದು ನಮಗೆ ತಿಳಿಯುತ್ತದೆ. ಕೊರತೆಯೆಂದರೆ ದಾರಿ. ಕಾಲುವೆ ದಂಡೆಯ ಮೇಲೆ ದೀಪಗಳಿಲ್ಲ, ಚಳಿಗಾಲದಲ್ಲಿ ಐದೂವರೆಗೆ ಇನ್ನೂ ಕತ್ತಲೆ, ಗದ್ದೆಯ ಬದಿಯಾದ್ದರಿಂದ ಹಾವಿನ ಭಯ ಇದ್ದೇ ಇದೆ. ಎರಡು ಬ್ಯಾಟರಿ ಮತ್ತು ಒಂದು ಕೋಲಿನ ಮೇಲೆ ಇಡೀ ಗುಂಪು ನಂಬಿಕೆಯಿಟ್ಟಿದೆ. ಕಾರ್ತಿಕದಿಂದ ಮಾಘದವರೆಗೆ ನಡಿಗೆಯನ್ನು ಸಂಜೆಗೆ ಬದಲಿಸಬೇಕೆಂದು ನಾನು ಹೇಳುತ್ತಲೇ ಬಂದಿದ್ದೇನೆ, ಇನ್ನೂ ಒಪ್ಪಿಗೆಯಾಗಿಲ್ಲ.

ಸೋಮವಾರದ ತೂಕ ಈಗಿರುವ ರೀತಿಯಲ್ಲಿ ಆರಂಭದಲ್ಲಿ ಇರಲಿಲ್ಲ. ಮೊದಲ ತಿಂಗಳು ಒಬ್ಬೊಬ್ಬರ ಹೆಸರು ಕರೆದು, ತೂಕವನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಅದರಿಂದ ಹುರುಪು ಬರುತ್ತದೆಂದು ಸಂಘದವರು ಭಾವಿಸಿದ್ದರು, ಆದರೆ ಎರಡನೆಯ ಸೋಮವಾರ ಅತಿ ಹೆಚ್ಚು ತೂಕವಿದ್ದ ಮೂವರು ಬರಲಿಲ್ಲ. ಯಾರಿಗಾಗಿ ಈ ಕೂಟ ಹುಟ್ಟಿತೋ ಅವರೇ ಮೊದಲು ಬಿಟ್ಟುಹೋದರು. ಅವರಲ್ಲೊಬ್ಬರು ನನ್ನ ಓರಗಿತ್ತಿ, ಅವರ ಮನೆಗೆ ನಾನೇ ಹೋಗಿ ಕೇಳಿದಾಗ “ಯಕ್ಕಾ, ಮದುವ್ಯಾಗಿಂದ ನಾ ದಪ್ಪ ಅನ್ನೂದು ಕೇಳ್ಕೋಂತನ ಬಂದೀನಿ, ಇನ್ನ ರೊಕ್ಕ ಕೊಟ್ಟು ಕೇಳಾಕ ಬರಬೇಕೇನ?” ಎಂದರು. ಆ ಮಾತನ್ನು ಸಂಘದ ಅಧ್ಯಕ್ಷೆಯವರಿಗೆ ಇದ್ದಂತೆಯೇ ತಲುಪಿಸಿದೆ. ಮುಂದಿನ ಸೋಮವಾರದಿಂದ ಯಂತ್ರವನ್ನು ಒಳಕೋಣೆಯಲ್ಲಿಟ್ಟು, ಒಬ್ಬೊಬ್ಬರನ್ನೇ ಒಳಗೆ ಕರೆದು, ಅವರವರ ಪುಸ್ತಕದಲ್ಲಿ ಮಾತ್ರ ಬರೆದು ಕೊಡುವ ಪದ್ಧತಿ ಬಂದಿತು. ತಪ್ಪನ್ನು ಇಷ್ಟು ಬೇಗ ತಿದ್ದಿಕೊಂಡದ್ದಕ್ಕೆ ಅವರಿಗೆ ನನ್ನ ಗೌರವವಿದೆ. ಆದರೂ ಬಿಟ್ಟುಹೋದ ಮೂವರಲ್ಲಿ ಹಿಂದಿರುಗಿದವರು ಒಬ್ಬರೇ.

ತೂಕಕ್ಕಿಂತ ನನಗೆ ಉಪಯೋಗವಾದದ್ದು ದರ್ಜಿಯ ಟೇಪು. ಕೆಳಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪನ್ನು ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯುತ್ತಾರೆ. ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ತುಂಬುವ ಸರ್ಕಾರಿ ನಮೂನೆಯಲ್ಲೂ ಈ ಅಳತೆಗೆ ಅಂಕವಿದೆ. ಮಹಿಳೆಯರಿಗೆ 80 ಸೆಂಟಿಮೀಟರಿನವರೆಗೆ ಸೊನ್ನೆ, 81ರಿಂದ 90ರವರೆಗೆ ಒಂದು, ಅದನ್ನು ಮೀರಿದರೆ ಎರಡು. ಗಂಡಸರಿಗೆ ಗೆರೆ 90ರಲ್ಲಿ ಆರಂಭವಾಗುತ್ತದೆ. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕೂಡುವ ಕೊಬ್ಬು ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಹತ್ತಿರದ ನಂಟು, ತೂಕದ ಯಂತ್ರ ಅದನ್ನು ಬೇರೆ ಮಾಡಿ ತೋರಿಸುವುದಿಲ್ಲ. ತೂಕ ಅಲುಗಾಡದೆ ನಿಂತ ಎರಡು ತಿಂಗಳಲ್ಲಿ ನನ್ನ ಸೊಂಟ ಎರಡು ಸೆಂಟಿಮೀಟರು ಇಳಿದಿತ್ತು, ಟೇಪು ಇಲ್ಲದಿದ್ದರೆ ನಾನು ಆಗಲೇ ಕೈಚೆಲ್ಲುತ್ತಿದ್ದೆ.

ಇನ್ನು ಎಣ್ಣೆಯ ಲೆಕ್ಕ. ಇದನ್ನು ಯೋಚಿಸಿದ ಹೆಣ್ಣುಮಗಳು ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ, ಆದರೆ ನಾನು ಕಂಡ ಆರೋಗ್ಯ ಪಾಠಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ತಿಂಗಳಿಡೀ ಮನೆಯಲ್ಲಿ ಮುಗಿದ ಎಣ್ಣೆಯ ಖಾಲಿ ಪ್ಯಾಕೆಟ್ಟುಗಳನ್ನು ತೊಳೆದು ಮಡಿಸಿ ಅಮಾವಾಸ್ಯೆಯ ಸಭೆಗೆ ತರಬೇಕು. ಅಷ್ಟೇ ನಿಯಮ. ನೀವು ಎಷ್ಟು ಎಣ್ಣೆ ಬಳಸುತ್ತೀರಿ ಎಂದು ಕೇಳಿದರೆ ಯಾರೂ ನಿಜ ಹೇಳಲಾರರು, ಸುಳ್ಳು ಹೇಳಬೇಕೆಂದಲ್ಲ, ಒಗ್ಗರಣೆಗೆ ಕೈ ಅಂದಾಜಿನಲ್ಲಿ ಸುರಿಯುವ ನಮಗೆ ಅದು ಗೊತ್ತೇ ಇರುವುದಿಲ್ಲ. ಪ್ಯಾಕೆಟ್ಟಿಗೆ ಗೊತ್ತಿರುತ್ತದೆ. ಐದು ಜನರಿರುವ ನಮ್ಮ ಮನೆಯಿಂದ ಮೊದಲ ತಿಂಗಳು ಎಂಟು ಲೀಟರ್ ಪ್ಯಾಕೆಟ್ಟುಗಳು ಹೋದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲೊರಿಯ ಒಂದು ದಿನದ ಊಟಕ್ಕೆ ಹೇಳುವ ಎಣ್ಣೆ, ಕೊಬ್ಬು ಒಟ್ಟು 27 ಗ್ರಾಂ. ಆ ಲೆಕ್ಕದಲ್ಲಿ ಐವರಿಗೆ ತಿಂಗಳಿಗೆ ನಾಲ್ಕೂವರೆ ಲೀಟರು ಸಾಕು. ಗ್ರಾಂ ಒಂದಕ್ಕೆ 9 ಕ್ಯಾಲೊರಿಯಂತೆ, ಮಿಕ್ಕ ಮೂರೂವರೆ ಲೀಟರಿನಲ್ಲಿ ಸುಮಾರು 28,000 ಕ್ಯಾಲೊರಿಗಳು ನಮ್ಮ ಐವರ ಮೈ ಸೇರುತ್ತಿದ್ದವು ಎಂದು ನಾನೇ ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಸಭೆಯಲ್ಲಿ ಯಾರೂ ಯಾರಿಗೂ ಏನೂ ಹೇಳಲಿಲ್ಲ. ಮನೆಗೆ ಬಂದ ಅತ್ತೆಯವರು ಎಣ್ಣೆಯ ಕ್ಯಾನಿನಲ್ಲಿ ಒಂದು ಚಮಚ ಇಟ್ಟರು. ಈಗ ನಮ್ಮ ಮನೆಯ ಲೆಕ್ಕ ಐದು ಪ್ಯಾಕೆಟ್. ಬುಧವಾರದ ಸಂತೆಯ ಮಿರ್ಚಿ ಭಜಿ ಮತ್ತು ಒಗ್ಗರಣೆ ಮಂಡಕ್ಕಿಯಲ್ಲಿರುವ ಎಣ್ಣೆ ಈ ಲೆಕ್ಕದ ಹೊರಗೆ ಉಳಿಯುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಸಕ್ಕರೆಯ ವಿಷಯದಲ್ಲಿ ಇಂಥ ಉಪಾಯ ಇನ್ನೂ ಹೊಳೆದಿಲ್ಲ. ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ ಎಂದರೆ 40 ಗ್ರಾಂ ಆಯಿತು, 25 ಗ್ರಾಮಿಗೆ ಇಳಿಸುವುದು ಒಳ್ಳೆಯದು ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ, ಆದರೆ ಹೋದವರ ಮನೆಯಲ್ಲಿ ಸಕ್ಕರೆ ಕಡಿಮೆ ಹಾಕಿ ಎಂದು ಹೇಳುವುದು ನಮ್ಮಲ್ಲಿ ಇನ್ನೂ ಕಷ್ಟ.

ಅಡುಗೆಯ ಪಾಠ ಎಂದರೆ ನಮ್ಮ ಹಳೆಯ ಊಟವನ್ನೇ ಹೊಸದಾಗಿ ಬಡಿಸುವುದು. ಜೋಳದ ರೊಟ್ಟಿ, ಪುಂಡಿ ಪಲ್ಯ, ಮಡಿಕೆಕಾಳಿನ ಉಸುಳಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೇಲೆ ಒಂದಿಷ್ಟು ಗುರೆಳ್ಳು ಚಟ್ನಿ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಹಬ್ಬುತ್ತಿತ್ತು, ಜೋಳ ತಿಂದರೆ ತೂಕ ತಾನೇ ಇಳಿಯುತ್ತದೆ ಎಂಬುದಾಗಿ. ಹಾಗಲ್ಲ. ನೂರು ಗ್ರಾಂ ಜೋಳಕ್ಕೂ ನೂರು ಗ್ರಾಂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ಅಂತರವಿಲ್ಲ. ನಾರಿನಂಶದಲ್ಲಿ ಅಂತರವಿದೆ, ಜೋಳದಲ್ಲಿ ಅದು 10 ಗ್ರಾಂ ಇದ್ದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ಎರಡು ರೊಟ್ಟಿಯನ್ನು ಅಗಿದು ತಿನ್ನುವಷ್ಟರಲ್ಲಿ ಹೊಟ್ಟೆ ಸಾಕು ಎನ್ನುತ್ತದೆ, ಸಾರಿನಲ್ಲಿ ಕಲಸಿದ ಅನ್ನ ಗಂಟಲಲ್ಲಿ ಜಾರಿ ಹೋಗುತ್ತದೆ. ಆರು ರೊಟ್ಟಿ ತಿಂದು, ಅದರ ಮೇಲೆ ಅನ್ನವನ್ನೂ ಉಂಡರೆ ಜೋಳ ಯಾರನ್ನೂ ಕಾಯುವುದಿಲ್ಲ. ಇದನ್ನು ಮೂರನೆಯ ಪಾಠದಿಂದ ಸ್ಪಷ್ಟವಾಗಿ ಹೇಳತೊಡಗಿದ್ದಾರೆ. ಅಕ್ಕಿಯನ್ನು ಹಳಿಯುವ ಮಾತೂ ನಿಂತಿದೆ, ಅದಕ್ಕೆ ನನಗೆ ಸಮಾಧಾನ. ಪಡಿತರದ ಅಕ್ಕಿ ಬರುವ ಮೊದಲು ಅರೆಹೊಟ್ಟೆಯಲ್ಲಿ ಮಲಗುತ್ತಿದ್ದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ, ಆ ಮನೆಯವರ ಎದುರು ಅನ್ನವನ್ನು ಜರೆಯಬಾರದು.

ಆ ಮನೆಗಳ ವಿಷಯದಲ್ಲಿಯೇ ಈ ಕೂಟದ ಮೇಲಿನ ನನ್ನ ದೊಡ್ಡ ದೂರು ಇದೆ. ನಮ್ಮೂರಲ್ಲಿ ಬೊಜ್ಜೂ ರಕ್ತಹೀನತೆಯೂ ಒಂದೇ ಓಣಿಯಲ್ಲಿವೆ, ಕೆಲವೊಮ್ಮೆ ಒಂದೇ ಮನೆಯಲ್ಲಿ. ನಾಟಿಗೆ ಬಗ್ಗಿ ಬಗ್ಗಿ ದುಡಿಯುವ ಕೂಲಿಯ ಹೆಣ್ಣುಮಕ್ಕಳಿಗೆ ನಡಿಗೆಯೂ ಬೇಡ, ಒಪ್ಪತ್ತೂ ಬೇಡ, ಅವರಿಗೆ ಬೇಕಾದದ್ದು ಇನ್ನಷ್ಟು ಬೇಳೆ, ಮೊಟ್ಟೆ, ಸೊಪ್ಪು. ಮೊದಲ ತಿಂಗಳುಗಳಲ್ಲಿ ಕೂಟ ಎಲ್ಲರಿಗೂ ಒಂದೇ ಮಾತು ಹೇಳಿತು: ರಾತ್ರಿ ಊಟ ಅರ್ಧ ಮಾಡಿ. ಅದನ್ನು ಕೇಳಿದ ಒಬ್ಬ ಬಾಣಂತಿ, 41 ಕಿಲೋ ತೂಕದವಳು, ಹೆರಿಗೆಯ ಹೊಟ್ಟೆ ಇಳಿಯಲೆಂದು ರಾತ್ರಿಯೂಟ ಬಿಟ್ಟಳು. ಮಗುವಿಗೆ ಹಾಲು ಸಾಲುತ್ತಿಲ್ಲವೆಂದು ಅಂಗನವಾಡಿಯಲ್ಲಿ ಹೇಳಿಕೊಂಡಾಗಲೇ ವಿಷಯ ಹೊರಬಂದದ್ದು. ತಾಯಿಯೂ ಮಗುವೂ ಈಗ ಚೆನ್ನಾಗಿದ್ದಾರೆ. ಆದರೆ ಆ ಮೂರು ವಾರಗಳನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಸಭೆಯಲ್ಲಿ ನಾನೂ ತಲೆಯಾಡಿಸುತ್ತಾ ಕುಳಿತಿದ್ದೆ. ಈಗ ಸೇರುವ ಪ್ರತಿಯೊಬ್ಬರ ಬಿಎಂಐ ನೋಡಿ, 18.5ಕ್ಕಿಂತ ಕಡಿಮೆ ಇದ್ದವರನ್ನೂ ಬಸುರಿ, ಬಾಣಂತಿಯರನ್ನೂ ಆಶಾ ಕಾರ್ಯಕರ್ತೆಯ ಬಳಿ ಬೇರೆಯಾಗಿ ಕಳುಹಿಸುತ್ತಾರೆ; ಅವರ ಪುಸ್ತಕದ ಬಣ್ಣವೇ ಬೇರೆ. ಇಂಥ ಕೂಟ ಆರಂಭಿಸುವ ಯಾವ ಊರಿನವರಾದರೂ ಈ ಕೆಲಸವನ್ನು ಮೊದಲ ದಿನವೇ ಮಾಡಬೇಕು, ಇದಿಲ್ಲದೆ ಬಾಗಿಲು ತೆರೆಯಲೇಬಾರದು.

ಒಂದು ಸೋಮವಾರ ಹೊರಗಿನಿಂದ ಬಂದ ವ್ಯಕ್ತಿಯೊಬ್ಬರು ಊಟದ ಬದಲು ಕುಡಿಯುವ ಪುಡಿಯ ಡಬ್ಬಿಗಳನ್ನು ಸಾವಿರಾರು ರೂಪಾಯಿಗೆ ಮಾರಲು ಕೂಟದ ವೇದಿಕೆಯನ್ನೇ ಬಳಸಿಕೊಂಡರು. ಇಬ್ಬರು ಸಾಲ ಮಾಡಿ ಕೊಂಡರು. ಅಂಥವರಿಗೆ ಮತ್ತೆ ಅವಕಾಶ ಕೊಡುವುದಿಲ್ಲವೆಂದು ಸಭೆಯಲ್ಲಿ ಠರಾವು ಆಗಿದೆ.

ಗಂಡಸರು ಬರುವುದಿಲ್ಲ. ಸಮೀಕ್ಷೆಯ ಪ್ರಕಾರ ರಾಜ್ಯದ ಗಂಡಸರಲ್ಲೂ ಅತಿತೂಕದವರು ಶೇ. 30ನ್ನು ದಾಟಿದ್ದಾರೆ, ನಮ್ಮೂರ ಕಟ್ಟೆಯ ಮೇಲೆ ಕುಳಿತವರನ್ನು ನೋಡಿದರೂ ಅದು ತಿಳಿಯುತ್ತದೆ. ಸ್ತ್ರೀಶಕ್ತಿ ಸಂಘದ ಹೆಸರೇ ಅವರನ್ನು ದೂರ ಇಟ್ಟಿರಬಹುದು. ಮಕ್ಕಳ ವಿಷಯದಲ್ಲಿ ಕೂಟ ಇನ್ನೂ ಏನೂ ಮಾಡಿಲ್ಲ ಎಂಬುದು ಶಿಕ್ಷಕಿಯಾದ ನನ್ನ ಕೊರಗು. ಶಾಲೆಯ ಗೇಟಿನ ಎದುರು ಐದು ರೂಪಾಯಿಯ ಕುರುಕಲು ತಿಂಡಿಯ ಮಾಲೆಗಳು ತೂಗುತ್ತಿರುವಾಗ ನನ್ನ ಪಾಠ ಒಂದೇ ಏನು ಮಾಡೀತು? ಫ್ರಾನ್ಸಿನ ಉತ್ತರ ಭಾಗದ ಫ್ಲರ್ಬೇ ಮತ್ತು ಲಾವಾಂತಿ ಎಂಬ ಎರಡು ಸಣ್ಣ ಊರುಗಳಲ್ಲಿ 1992ರಲ್ಲಿ ಶಾಲೆಯ ಆಹಾರ ಪಾಠದಿಂದ ಕೆಲಸ ಆರಂಭವಾಗಿತ್ತು. ಮುಂದೆ ವೈದ್ಯರು, ಅಂಗಡಿಯವರು, ಆಟದ ಸಂಘಗಳು, ಊರ ಆಡಳಿತ ಎಲ್ಲರೂ ಕೈಜೋಡಿಸಿದರು. 2004ರ ಹೊತ್ತಿಗೆ ಅಲ್ಲಿನ ಮಕ್ಕಳಲ್ಲಿ ಅತಿತೂಕ ಶೇ. 8.8 ಇದ್ದರೆ, ಹೋಲಿಕೆಗಾಗಿ ತೆಗೆದುಕೊಂಡ ಊರುಗಳಲ್ಲಿ ಶೇ. 17.8 ಇತ್ತು. ನಮ್ಮ ಕೂಟದವರು ಶಾಲೆಯ ಎದುರಿನ ಎರಡು ಅಂಗಡಿಯವರನ್ನು, ಅವರೂ ನಮ್ಮ ಓಣಿಯವರೇ, ಕರೆದು ಕೂರಿಸಿ ಮಾತಾಡಿದರೆ, ಮಾಲೆಗಳ ಜಾಗದಲ್ಲಿ ಶೇಂಗಾ ಮತ್ತು ಪೇರಲ ಇಡಲು ಅವರು ಒಪ್ಪುತ್ತಾರೆ ಎಂದು ನಾನು ನಂಬುತ್ತೇನೆ.

ಫಲ ಏನು ಎಂದು ಕೇಳುವವರಿಗೆ ನನ್ನ ಪುಸ್ತಕದಲ್ಲಿರುವುದನ್ನು ಹೇಳುತ್ತೇನೆ. ತೂಕ 74ರಿಂದ 68.5ಕ್ಕೆ, ಸೊಂಟ 97ರಿಂದ 90ಕ್ಕೆ ಇಳಿದಿದೆ, ಅಂದರೆ ಆಶಾ ನಮೂನೆಯಲ್ಲಿ ಎರಡು ಅಂಕವಿದ್ದದ್ದು ಒಂದಾಗಿದೆ. ಕಡಿಮೆಯೆನಿಸಬಹುದು. ಆದರೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗದಲ್ಲಿ, ತೂಕವನ್ನು ಶೇ. 7ರಷ್ಟು ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡೆಯುವುದು ಎಂಬ ಗುರಿಯಿಟ್ಟುಕೊಂಡ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಶೇ. 58ರಷ್ಟು ಕಡಿಮೆಯಾಗಿತ್ತು, ನನ್ನ ಇಳಿಕೆ ಶೇ. 7ಕ್ಕಿಂತ ತುಸು ಹೆಚ್ಚೇ ಇದೆ. ಹಾಗೆಂದು ಊರ ಕೂಟದಿಂದ ಎಲ್ಲವೂ ಸಾಧ್ಯ ಎಂದು ಹೇಳಲಾರೆ. ಕೇರಳದ ನೆಯ್ಯಾಟ್ಟಿನ್‌ಕರ ತಾಲ್ಲೂಕಿನಲ್ಲಿ ನಮ್ಮಂತೆಯೇ ಊರವರೇ ಮುಂದಾಳುಗಳಾಗಿ ನಡೆಸಿದ ಗುಂಪುಗಳನ್ನು ಎರಡು ವರ್ಷ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದಾಗ, ಸಕ್ಕರೆ ಕಾಯಿಲೆ ಗುಂಪಿನವರಲ್ಲಿ ಶೇ. 14.9, ಉಳಿದವರಲ್ಲಿ ಶೇ. 17.1 ಇತ್ತು, ಈ ಅಂತರ ಖಚಿತವೆನ್ನುವಷ್ಟು ದೊಡ್ಡದಾಗಿರಲಿಲ್ಲ. ಹಣ್ಣು ತರಕಾರಿ ತಿನ್ನುವುದು, ಕುಡಿತ ಕಡಿಮೆಯಾಗುವುದು ಮುಂತಾದ ಕೆಲವು ರೂಢಿಗಳು ಮಾತ್ರ ಸುಧಾರಿಸಿದ್ದವು. ನಮ್ಮ ಕೂಟಕ್ಕೂ ನಿಜವಾದ ಪರೀಕ್ಷೆ ಎರಡನೆಯ ವರ್ಷದಲ್ಲಿದೆ. ಆರಂಭದಲ್ಲಿ 38 ಮಂದಿ ಇದ್ದೆವು, ನಾಟಿಯ ಕಾಲದಲ್ಲಿ 15ಕ್ಕೆ ಇಳಿದು, ಈಗ 26 ಇದ್ದೇವೆ.

ಸೇರಬಯಸುವ ಅಕ್ಕತಂಗಿಯರು ಸೋಮವಾರ ಸಂಜೆ ಆರರೊಳಗೆ ಸಮುದಾಯ ಭವನಕ್ಕೆ ಬರಬಹುದು. ತೂಕಕ್ಕೆ ಮೊದಲು ಚಪ್ಪಲಿ ಬಿಡಬೇಕು, ಯಂತ್ರವನ್ನು ಸಮತಟ್ಟಾದ ಕಲ್ಲಿನ ಮೇಲೆಯೇ ಇಡಿಸಿ, ಮಣ್ಣಿನ ನೆಲದ ಮೇಲೆ ಇಟ್ಟರೆ ಅದು ಒಂದೂವರೆ ಕಿಲೋವರೆಗೆ ತಪ್ಪು ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಬಿಪಿ, ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಬೇಕು. ನಾನು ಎರಡನೆಯ ವರ್ಷದ 360 ರೂಪಾಯಿಯನ್ನು ಒಟ್ಟಿಗೇ ಕಟ್ಟಿದ್ದೇನೆ, ಓರಗಿತ್ತಿಯ ಹೆಸರಿನಲ್ಲಿಯೂ ಒಂದು ಚೀಟಿ ಮಾಡಿಸಿಟ್ಟಿದ್ದೇನೆ. ಅವರು ಇನ್ನೂ ಬಂದಿಲ್ಲ, ನಡಿಗೆ ಮುಗಿಸಿ ಬರುವಾಗ ಅವರ ಬಾಗಿಲಲ್ಲಿ ನಿಂತು ಕರೆಯುವುದನ್ನು ನಾನು ಬಿಟ್ಟಿಲ್ಲ.